ಅಜ್ಜಿ ಮುರಿಯದ ಕಾಲು

ಆರೋಗ್ಯ ಇಲಾಖೆಯ ಕುಂದುಕೊರತೆ ವಿಭಾಗದ ಅಧಿಕಾರಿಗಳೇ,

ನಿಮ್ಮನ್ನು ಮಾನ್ಯರೇ ಎಂದು ಕರೆಯುವುದು ರೂಢಿ. ಅರ್ಜಿ ಟೈಪ್ ಮಾಡಿಕೊಡುವುದೇ ನನ್ನ ಹೊಟ್ಟೆಪಾಡಾದ್ದರಿಂದ ಆ ಪದವನ್ನು ದಿನಕ್ಕೆ ಇಪ್ಪತ್ತು ಸಲ ಒತ್ತುತ್ತೇನೆ. ಈ ಸಲ ಬೆರಳು ಮುಂದೆ ಹೋಗುತ್ತಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನನ್ನ ಮಗನ ಕಾಲು ಮುರಿದದ್ದು ಅವನ ಅಜ್ಜಿಯಿಂದ ಎಂದು ನೀವು ಸರ್ಕಾರದ ಮೊಹರು ಒತ್ತಿ ಬರೆದು ಕಳಿಸಿದ್ದೀರಿ. ಅದು ಸುಳ್ಳು. ಹಾಗೆ ಬರೆಯುವಾಗ ಅದು ಸುಳ್ಳೆಂದು ತಿಳಿಯುವಷ್ಟು ಕಾಗದಗಳು ನಿಮ್ಮ ಮೇಜಿನ ಮೇಲೆಯೇ ಇದ್ದವು.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಬೇಕಿದ್ದರೆ ಕಡತದಲ್ಲಿದೆ. ಚನ್ನಗಿರಿಯವರು ಇದು ನಮ್ಮೂರ ಕಥೆಯೇ ಇರಬೇಕು ಎಂದುಕೊಳ್ಳಲಿ; ಹೊನ್ನಾಳಿ, ನ್ಯಾಮತಿ, ಜಗಳೂರಿನವರೂ ಹಾಗೆಯೇ ಅಂದುಕೊಳ್ಳಲಿ. ನಾಲ್ಕು ಊರಿನವರೂ ಹಾಗೆ ಅಂದುಕೊಂಡರೆ ತಪ್ಪು ಅವರದೋ ನಿಮ್ಮದೋ ಎಂಬುದನ್ನು ನೀವೇ ಪರಿಶೀಲಿಸಿ. ಪರಿಶೀಲನೆ ನಿಮಗೆ ಬಹಳ ಇಷ್ಟದ ಕೆಲಸವೆಂದು ನಿಮ್ಮ ಪತ್ರ ಓದಿ ತಿಳಿಯಿತು.

ನಡೆದದ್ದು ಇಷ್ಟು. ನನ್ನ ಮಗನಿಗೆ ತೀರಿಹೋದ ನಮ್ಮ ಮಾವನವರ ಹೆಸರನ್ನೇ ಇಟ್ಟಿದ್ದೇವೆ, ಕೊಟ್ರಬಸಪ್ಪ. ಹೆಸರು ದೊಡ್ಡದು, ಆಳು ಚಿಕ್ಕದು. ವಯಸ್ಸು ಆಗ ಒಂದು ವರ್ಷ ಎಂಟು ತಿಂಗಳು. ಕಳೆದ ಆಷಾಢದ ಒಂದು ಮಂಗಳವಾರ ಅವನು ನನ್ನ ಜೆರಾಕ್ಸ್ ಅಂಗಡಿಯಲ್ಲಿ ಪೇಪರ್ ಬಂಡಲ್‌ಗಳ ಮೇಲೆ ಹತ್ತಿದ. ಇಳಿಯುವಾಗ ಎರಡು ಬಂಡಲ್‌ಗಳ ನಡುವೆ ಎಡಗಾಲು ಸಿಕ್ಕಿಕೊಂಡು, ತಿರುಚಿ ಬಿದ್ದ. ನಾನು ಯಾರದೋ ಪಹಣಿ ತೆಗೆಯುತ್ತ ಅವನ ಕಡೆ ಬೆನ್ನು ಮಾಡಿ ಕೂತಿದ್ದೆ. ಅಜಾಗರೂಕತೆ ಎಂಬ ಪದ ಯಾರ ಮೇಲಾದರೂ ಹೊರಿಸಲೇಬೇಕಿದ್ದರೆ ನಾನಿದ್ದೆ, ಸಿದ್ಧವಾಗಿ ಸಿಕ್ಕಿದ್ದೆ. ನೀವು ನನ್ನನ್ನು ಬಿಟ್ಟು ನಮ್ಮ ಅತ್ತೆಯನ್ನು ಹಿಡಿದಿರಿ.

ನಮ್ಮ ಅತ್ತೆ ನಿರ್ಮಲಮ್ಮನವರೂ ನಾನೂ ಮಗುವನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಅಲ್ಲಿನ ವೈದ್ಯರು ಕಾಲನ್ನು ಎರಡು ಕಡೆ ಒತ್ತಿ ನೋಡಿದರು. ಮಗು ಕಿರುಚಿತು. "ಊತ ಇಲ್ಲ, ಏನಿಲ್ಲ. ಉಳುಕೈತೆ ಅಷ್ಟೆ" ಎಂದರು. ಆಗ ಅತ್ತೆ ಕೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಒಂದು ಫೋಟೊ ತೆಗೆದು ನೋಡ್ರಿ ಸಾರ್. ಮಗ ಕಾಲು ಊರಾಕೆ ಒಲ್ಲೆ ಅಂತೈತೆ." ಫೋಟೊ ಎಂದರೆ ಎಕ್ಸ್-ರೇ. ನಿಮ್ಮ ಪತ್ರದಲ್ಲಿ ಅಜ್ಞಾನಿ ಎನಿಸಿಕೊಂಡ ಹೆಂಗಸು ಮೊದಲ ದಿನವೇ ಎಕ್ಸ್-ರೇ ಕೇಳಿದ್ದಳು ಸ್ವಾಮಿ. ಯಂತ್ರ ಇತ್ತು. ಅದನ್ನು ನಡೆಸುವವರು ಡೆಪ್ಯುಟೇಷನ್ ಮೇಲೆ ಇನ್ನೊಂದು ತಾಲ್ಲೂಕಿನಲ್ಲಿದ್ದರು, ಶುಕ್ರವಾರ ಮಾತ್ರ ಬರುತ್ತಾರಂತೆ. ನನ್ನ ಮಗನಿಗೆ ಶುಕ್ರವಾರ ನೋಡಿಕೊಂಡು ಬೀಳಬೇಕೆಂದು ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಿದೆ. ವೈದ್ಯರು ಅತ್ತೆಯ ಕಡೆ ತಿರುಗಿ ನಕ್ಕರು. "ಎಣ್ಣೆ ಬೆಚ್ಚಗೆ ಮಾಡಿ ಚೆನ್ನಾಗಿ ನೀವ್ರಿ ಅಜ್ಜಿ. ಎಷ್ಟು ಮಕ್ಕಳಿಗೆ ನೀರು ಹಾಕೀರಿ ನೀವು, ನಿಮಗೆ ಹೇಳಿಕೊಡಬೇಕೇನ್ರಿ?"

ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕೇರಿಯಲ್ಲಿ ಕೂಸು ಹುಟ್ಟಿದರೆ ನೀರು ಹಾಕಲು ಕರೆಯುವುದೇ ನಮ್ಮ ಅತ್ತೆಯನ್ನು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಎಡಗೈಗೆ ಬಲಗಾಲು, ಬಲಗೈಗೆ ಎಡಗಾಲು ಮುಟ್ಟಿಸಿ, ಬಿಸಿನೀರು ಹೊಯ್ದು ಮಲಗಿಸಿದರೆ ಮೂರು ತಾಸು ಮಿಸುಕುತ್ತಿರಲಿಲ್ಲ. ಪಕ್ಕದ ಮನೆ ಚಮನಬಿಯವರ ನಾಲ್ಕು ಮೊಮ್ಮಕ್ಕಳೂ ಅತ್ತೆಯ ಕಾಲ ಮೇಲೆಯೇ ಬೆಳೆದವರು. ಅಂಥ ಕೈಗೆ ವೈದ್ಯರ ಅಪ್ಪಣೆಯೂ ಸಿಕ್ಕಿತು. ಮೂರು ದಿನ, ಬೆಳಿಗ್ಗೆ ಸಂಜೆ, ಅವರು ಆ ಕಾಲನ್ನು ನೀವಿದರು. ಮಗು ಗೋಳೋ ಎಂದು ಅಳುತ್ತಿತ್ತು. ಅತ್ತೆಯೂ ಅಳುತ್ತ ನೀವುತ್ತಿದ್ದರು. "ಡಾಕ್ಟ್ರೇ ಹೇಳ್ಯಾರಲ್ಲವ್ವಾ, ಬಿಟ್ರೆ ಹೆಂಗೆ" ಎನ್ನುತ್ತಿದ್ದರು. ನಾನೂ ಮಗುವಿನ ಕೈ ಹಿಡಿದುಕೊಂಡು ಕೂತಿದ್ದೆ.

ಶುಕ್ರವಾರ ಹೋದೆವು. ಎಕ್ಸ್-ರೇ ಕೋಣೆಗೆ ಬೀಗ. ತರಬೇತಿಗೆ ತೆರಳಿದ್ದಾರೆ ಎಂದು ಒಂದು ಚೀಟಿ. ಮನೆಗೆ ಬಂದಾಗ ಚಮನಬಿ ನೋಡಿ, "ಉಳುಕಾಗಿದ್ರೆ ಇಷ್ಟೊತ್ತಿಗೆ ಕಾಲು ಊರಬೇಕಿತ್ತು ನಿರ್ಮಲಕ್ಕ. ಇದು ಬೇರೆ ಏನೋ ಐತೆ, ದಾವಣಗೆರೆಗೆ ನಡೀರಿ" ಎಂದು ತಾವೇ ಚೀಲ ಹಿಡಿದು ನಮ್ಮ ಜೊತೆ ಬಸ್ ಹತ್ತಿದರು. ನಿಮ್ಮ ಇಡೀ ಇಲಾಖೆ ಮಾಡದ ಕೆಲಸವನ್ನು ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಮಾಡಿದರು. ದಾವಣಗೆರೆಯಲ್ಲಿ ಫೋಟೊ ತೆಗೆದರು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಓರೆಯಾಗಿ. ಆಗಷ್ಟೇ ನಡೆಯಲು ಕಲಿತ ಮಕ್ಕಳಲ್ಲಿ ಕಾಲು ತಿರುಚಿ ಬಿದ್ದರೆ ಹೀಗೆಯೇ ಆಗುವುದು, ಊತವೂ ಹೆಚ್ಚು ಕಾಣುವುದಿಲ್ಲ ಎಂದು ಅಲ್ಲಿನ ಮೂಳೆ ವೈದ್ಯರು ಹೇಳಿದರು. ಯಾರು ನೀವಿದ್ದು ಎಂದು ಕೇಳಿದರು. "ನಾನೇ ರೀ ಸಾರ್" ಎಂದು ಅತ್ತೆ ಕೈಯೆತ್ತಿದರು, ತರಗತಿಯಲ್ಲಿ ತಪ್ಪು ಮಾಡಿದ ಹುಡುಗಿಯಂತೆ. ಆ ವೈದ್ಯರು ಒಳ್ಳೆಯವರು. "ನೋವಾಗಿರತ್ತೆ, ಆದ್ರೆ ನೀವಿದ್ದಕ್ಕೆ ಮುರಿದಿಲ್ಲಮ್ಮ, ಮೂಳೆ ಜಾಗ ಬಿಟ್ಟೂ ಹೋಗಿಲ್ಲ" ಎಂದರು. ಅದನ್ನೇ ಚೀಟಿಯ ಮೇಲೂ ಬರೆದುಕೊಟ್ಟರು. ಪ್ಲಾಸ್ಟರ್ ಹಾಕಿದರು. ಅತ್ತೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಪ್ಲಾಸ್ಟರ್ ಮೇಲೆ ಕೈಯಿಟ್ಟುಕೊಂಡೇ ಬಂದರು.

ನಾನು ದೂರು ಬರೆದದ್ದು ಪರಿಹಾರಕ್ಕಲ್ಲ. ಎಕ್ಸ್-ರೇ ನಡೆಸುವವರನ್ನು ವಾರಪೂರ್ತಿ ಕೊಡಿ ಎಂದು ಕೇಳಿದೆ, ಅಷ್ಟೆ. ದಾವಣಗೆರೆ ವೈದ್ಯರ ಚೀಟಿಯನ್ನೂ ಲಗತ್ತಿಸಿದ್ದೆ. ಎರಡು ತಿಂಗಳಾದ ಮೇಲೆ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮ್ಮ ಉತ್ತರ ಬಂತು: "ಪರಿಶೀಲಿಸಲಾಗಿ, ಮಗುವಿನ ಅಜ್ಜಿಯು ಅಜ್ಞಾನದಿಂದ ಕಾಲನ್ನು ಬಲವಾಗಿ ನೀವಿದ್ದರಿಂದ ಮೂಳೆ ಮುರಿದಿರುವುದು ಕಂಡುಬಂದಿದ್ದು, ಸದರಿ ವಿಷಯದಲ್ಲಿ ಆಸ್ಪತ್ರೆಯ ಲೋಪವಿರುವುದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ."

ಕಂಡುಬಂದಿದ್ದು ಯಾರಿಗೆ? ಯಾವ ಕಣ್ಣಿಗೆ? ನಮ್ಮ ಮನೆಗೆ ಯಾರೂ ಬರಲಿಲ್ಲ, ಅತ್ತೆಯನ್ನು ಯಾರೂ ಕೇಳಲಿಲ್ಲ, ಮಗುವಿನ ಫೋಟೊ ತರಿಸಿ ನೋಡಲಿಲ್ಲ. ಎಕ್ಸ್-ರೇ ಇಲ್ಲದೆಯೇ ಮೂಳೆಯೊಳಗೆ ಕಾಣುವ ಕಣ್ಣು ನಿಮಗಿದ್ದರೆ ದಯವಿಟ್ಟು ನಮ್ಮ ಆಸ್ಪತ್ರೆಗೇ ಬಂದುಬಿಡಿ, ಯಂತ್ರದ ಖರ್ಚಾದರೂ ಉಳಿಯುತ್ತದೆ. ನೀವಿ ಎಂದದ್ದು ಯಾರು ಎಂದು ವಿಚಾರಿಸಲು ಫೋನ್ ಮಾಡಿದೆ. ಮೌಖಿಕ ಸಲಹೆಗೆ ದಾಖಲೆ ಇರುವುದಿಲ್ಲ ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಸರಿ. ಅಜ್ಜಿಯ ಅಜ್ಞಾನಕ್ಕೆ ಯಾವ ದಾಖಲೆ ಇತ್ತು?

ಆ ಪತ್ರ ನನ್ನ ಕೈಗೆ ಬಂದಿದ್ದರೆ ಒಲೆಗೆ ಹಾಕಿ ಸುಮ್ಮನಿರುತ್ತಿದ್ದೆನೇನೋ. ನಾನು ಅಂಗಡಿಯಲ್ಲಿದ್ದೆ. ಅಂಚೆಯವರಿಂದ ಸಹಿ ಮಾಡಿ ತೆಗೆದುಕೊಂಡವರು ಅತ್ತೆ. ಒಡೆದು ಓದಿದವರೂ ಅವರೇ. ಮೂವತ್ತು ವರ್ಷದ ಹಿಂದೆ ನಿಮ್ಮದೇ ಸರ್ಕಾರ ಸಾಕ್ಷರತಾ ತರಗತಿ ನಡೆಸಿ, ಹೊಲದ ಕೆಲಸ ಮುಗಿಸಿ ಬಂದ ಹೆಂಗಸಿನ ಕೈಗೆ ಬಳಪ ಕೊಟ್ಟು, ಅಕ್ಷರ ಕಲಿಸಿತ್ತು. ಚೆನ್ನಾಗಿ ಕಲಿಸಿದ್ದೀರಿ. ಅಜ್ಞಾನ ಎಂಬ ಪದವನ್ನು ಒತ್ತಕ್ಷರ ಸಮೇತ ತಡವರಿಸದೆ ಓದಿದರಂತೆ. ನಾನು ಮನೆಗೆ ಬಂದಾಗ ಕಾಗದ ಮಡಿಚಿ ಕೊಟ್ಟು, "ಸರ್ಕಾರದೋರು ಸುಮ್ಮಸುಮ್ಮನೆ ಬರೀತಾರೇನವ್ವಾ? ನಾನೇ ಮುರಿದೀನಿ" ಎಂದರು. ದಾವಣಗೆರೆ ವೈದ್ಯರ ಮಾತು ನೆನಪಿಸಿದೆ. "ಅವರು ಸಮಾಧಾನಕ್ಕೆ ಹೇಳಿದ್ದು, ಇದಕ್ಕೆ ಮೊಹರು ಐತೆ" ಎಂದರು.

ಪ್ಲಾಸ್ಟರ್ ಬಿಚ್ಚಿ ಬಹಳ ದಿನವಾಯಿತು. ಮಗ ಓಡುತ್ತಾನೆ. ಮೂಳೆ ಕೂಡಿದೆ. ಅತ್ತೆ ಮಾತ್ರ ಅವನನ್ನು ಮುಟ್ಟುವುದಿಲ್ಲ. ಅವನೇ ಟವೆಲ್ ಎಳೆದುಕೊಂಡು ಹೋಗಿ "ಅಜ್ಜಿ, ನೀಲು" ಎಂದು ಮುಂದೆ ನಿಂತರೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಚಮನಬಿಯವರ ಮನೆಯಲ್ಲಿ ಹೊಸ ಕೂಸು ಹುಟ್ಟಿ ಕರೆಯಲು ಬಂದಾಗ, "ನನ್ನ ಕೈಗೆ ಕೊಡಬ್ಯಾಡ್ರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆದ್ದರಿಂದ ನನ್ನ ಬೇಡಿಕೆ ಒಂದೇ. ನನ್ನ ಹೆಸರಿಗೆ ಬೇಡ, ನಿರ್ಮಲಮ್ಮನವರ ಹೆಸರಿಗೆ ಇನ್ನೊಂದು ಪತ್ರ ಬರೆಯಿರಿ. ಎಕ್ಸ್-ರೇ ತೆಗೆಯದೆ ಉಳುಕು ಎಂದದ್ದು ನಾವು, ನೀವಿ ಎಂದದ್ದು ನಾವು, ನಿಮ್ಮ ಕೈಯಿಂದ ಏನೂ ಮುರಿದಿಲ್ಲ ಎಂದು ಬರೆಯಿರಿ. ಮೊದಲನೆಯದಕ್ಕೆ ಹಾಕಿದ ಮೊಹರನ್ನೇ ಇದಕ್ಕೂ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಿ. ನನ್ನ ಮಾತನ್ನು ಅವರು ನಂಬುವುದಿಲ್ಲ, ನಿಮ್ಮದನ್ನು ನಂಬುತ್ತಾರೆ. ಅಂಥ ನಂಬಿಕೆಗೆ ನೀವು ಯೋಗ್ಯರಲ್ಲ, ಆದರೂ ಅದು ಈಗ ನಿಮ್ಮ ಕೈಯಲ್ಲಿದೆ.

ಅಲ್ಲಿಯವರೆಗೆ ಮಗನಿಗೆ ನಾನೇ ನೀರು ಹಾಕುತ್ತಿದ್ದೇನೆ. ನನಗೆ ಸರಿಯಾಗಿ ಬರುವುದಿಲ್ಲ. ಅವನ ಕಣ್ಣಿಗೆ ಸೋಪು ಹೋಗುತ್ತದೆ, ಅಜ್ಜಿಯನ್ನು ಕೂಗಿ ಅಳುತ್ತಾನೆ. ಅತ್ತೆ ಬಚ್ಚಲ ಬಾಗಿಲ ಹೊರಗೆ ಕೈ ಕಟ್ಟಿಕೊಂಡು ನಿಂತಿರುತ್ತಾರೆ.

ಇಂತಿ,
ನಿಮ್ಮ ಕಡತದಲ್ಲಿ ಮುಕ್ತಾಯಗೊಂಡವಳು,
ಆ ಅಜ್ಞಾನಿಯ ಸೊಸೆ,
ದುರ್ಗಾಂಬಿಕಾ