ದಂಡಿಗೆ ಹೋದ ಫುಟ್‌ಬಾಲ್ ತಂಡ

ಹೊಳೆನರಸೀಪುರ
22ನೇ ಜುಲೈ 1943, ಗುರುವಾರ

ಪ್ರೀತಿಯ ತಮ್ಮ ಷಡಕ್ಷರಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಜ್ವರ ಬಿಟ್ಟಿತೇನಪ್ಪಾ? ಹೋದ ಕಾಗದದಲ್ಲಿ ಅಕ್ಷರಗಳೆಲ್ಲ ಸೊಟ್ಟಗಾಗಿದ್ದವು. ಕೈ ನಡುಗುತ್ತಿತ್ತೋ, ಮೊಣಕಾಲ ಮೇಲಿಟ್ಟು ಬರೆದೆಯೋ ತಿಳಿಯದೆ ಮತ್ತೆ ಮತ್ತೆ ನೋಡಿದೆ. ಇಲ್ಲಿ ಮಳೆ ಹಿಡಿದಿದೆ, ಹೇಮಾವತಿ ತುಂಬಿ ಹರಿಯುತ್ತಿದ್ದಾಳೆ. ಸೀಮೆಎಣ್ಣೆ ಸಿಗುವುದು ಕಷ್ಟ. ಬೆಲ್ಲದ ಅಂಗಡಿಯನ್ನು ನಿನ್ನ ಭಾವ ನೋಡಿಕೊಳ್ಳುತ್ತಿದ್ದಾರೆ. ನನ್ನ ಮಗಳು ಪ್ರೇಮ ನಿನ್ನ ಹಳೆಯ ಬೂಟು ಹಾಕಿಕೊಂಡು ಅಂಗಳದಲ್ಲಿ ಬಿದ್ದೂ ಎದ್ದೂ ನಗಿಸುತ್ತಾಳೆ.

ಕೆಟ್ಟ ಸುದ್ದಿಯನ್ನೂ ಬರೆಯಲೇಬೇಕು. ನಿಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್ ದೇವರಾಜು ಯುದ್ಧದಲ್ಲಿ ಹೋಗಿಬಿಟ್ಟ. ದಂಡಿನಲ್ಲಿ ನೀನು ಬೇರೆ ಕಡೆ ಇರುವುದರಿಂದ ಇನ್ನೂ ತಿಳಿದಿರಲಾರದು. ಎರಡು ವರ್ಷದ ಹಿಂದೆ ಚನ್ನರಾಯಪಟ್ಟಣದವರನ್ನು ಸೋಲಿಸಿದ ಸಂಜೆ, ಸೈನ್ಯಕ್ಕೆ ಜನ ಸೇರಿಸುವವರು ಬಂದಾಗ ಮೊದಲು ಕೈಯೆತ್ತಿದವನು ಅವನು. ಅವನ ಹಿಂದೆ ನೀನು, ಆಮೇಲೆ ಇಡೀ ತಂಡ, ಕಡೆಗೆ ಆಟ ನೋಡಲು ಬಂದು ತಮಟೆ ಬಡಿಯುತ್ತಿದ್ದ ಲಕ್ಕಯ್ಯನೂ. ನಮ್ಮ ಅಪ್ಪ ಎಷ್ಟು ಚಪ್ಪಾಳೆ ತಟ್ಟಿದರು! ದೇವರಾಜುವಿನ ತಾಯಿ ಸುಬ್ಬಮ್ಮನಿಗೆ ಪೋಸ್ಟ್ ಮಾಸ್ತರರು ತಂತಿ ಓದಿ ಹೇಳಿದರೆ ಅವಳು ನಂಬಲಿಲ್ಲ. "ನನ್ ಮಗ ಬಿದ್ರೂ ಎದ್ಬುಡ್ತಾನೆ ಕಣವ್ವ, ಆಟದಾಗೆ ನೀನೇ ನೋಡಿಲ್ವಾ?" ಎಂದು ನನ್ನನ್ನೇ ಕೇಳಿದಳು.

ಕಳೆದ ಭಾನುವಾರ ಆ ಸೈನ್ಯದವರು ಮತ್ತೆ ಬಂದರು. ಊರಿನಲ್ಲಿ ಉಳಿದ ಹುಡುಗರಿಗೆ ಆಟ ಏರ್ಪಡಿಸಿ, ಗ್ರಾಮಫೋನ್ ಹಾಕಿ ಜನ ಸೇರಿಸಿದರು. ಆಟ ಮುಗಿದು ಸಾಹೇಬರು ಭಾಷಣಕ್ಕೆ ನಿಂತಾಗ ಸುಬ್ಬಮ್ಮ ಕೆಸರಿನಲ್ಲಿ ನಡೆದು ಮೈದಾನದ ನಡುವೆ ಹೋಗಿ ಕೂತಳು. "ನನ್ ಮಗನ್ನ ತಂದ್ಕೊಡಿ ಸಾ, ಆಮೇಲೆ ಇವ್ರನ್ನ ಕರ್ಕೊಂಡೋಗಿ" ಎಂದಳು. ಕೂಗಲಿಲ್ಲ, ಅಳಲಿಲ್ಲ. ಎಬ್ಬಿಸಲು ಹೋದ ಪೇದೆ ಅವಳ ಮುಖ ನೋಡಿ ಹಿಂದೆ ಸರಿದ. ಹುಡುಗರು ಒಬ್ಬೊಬ್ಬರಾಗಿ ಮನೆಗೆ ನಡೆದರು. ಅಂದು ಯಾರೂ ಹೆಸರು ಕೊಡಲಿಲ್ಲ. ಅಪ್ಪ ಮಾತ್ರ ಆ ಸಾಹೇಬರ ಬಳಿ ಹೋಗಿ, "ದೇವರಾಜು ಬಿದ್ದಾಗ ಪಕ್ಕದಾಗೆ ನಮ್ಮೂರೋರು ಯಾರಾದ್ರೂ ಇದ್ರಾ ಸಾ?" ಎಂದು ಕೇಳಿದರು. ಅವರು ಗೊತ್ತಿಲ್ಲವೆಂದರು. ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ಮನೆದೇವರು ವೀರಭದ್ರ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ
ಶಿವಗಂಗಮ್ಮ

ವಿ.ಸೂ.: ನಿನಗೆ ಬರೆಯಬೇಡವೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದರು, ಆದರೂ ಬರೆಯುತ್ತಿದ್ದೇನೆ. ಮಂಗಳವಾರ ಅಪ್ಪ ಮೀಸೆಗೆ ಕಾಡಿಗೆ ತೀಡಿಕೊಂಡು ಹಾಸನಕ್ಕೆ ಹೋಗಿ, ವಯಸ್ಸು ಮರೆಮಾಚಿ, ದಂಡಿನ ಅಡುಗೆಯವರ ಜೊತೆ ಸೇರಿಬಿಟ್ಟರು. ಬಸ್ಸಿನ ಹತ್ತಿರ ನಾನು ಅಡ್ಡ ನಿಂತರೆ, "ನಿನ್ ತಮ್ಮ ಆಡಿದ್ ಕಡೆಗೆಲ್ಲಾ ನಾನ್ ಓಗಿಲ್ವೇನವ್ವ? ಈಗ್ ಮಾತ್ರ ಅವ್ನೊಬ್ನೇ ಇರ್ಬೇಕಾ?" ಎಂದು ಕೈ ಬಿಡಿಸಿಕೊಂಡರು. ನಿನ್ನ ಮೇಲಿನವರ ಕಾಲು ಹಿಡಿದಾದರೂ ಅವರನ್ನು ವಾಪಸು ಕಳಿಸಪ್ಪಾ. ಕತ್ತಲಾದರೆ ಅವರಿಗೆ ಕಣ್ಣು ಕಾಣುವುದಿಲ್ಲ. ಅದನ್ನು ಅವರು ದಂಡಿನಲ್ಲಿ ಯಾರಿಗೂ ಹೇಳಿಲ್ಲ.