ಅತ್ತೆಯ ಕುರ್ಚಿ ಸವಾರಿ

ಭಾನುವಾರ, ಓಟಿನ ದಿನ

ರಟ್ಟೆ ಬಿದ್ದುಹೋಗುವಷ್ಟು ನೋವು, ಆದರೂ ನಗು ತಡೆಯಲಾಗುತ್ತಿಲ್ಲ.

ಅತ್ತೆಯ ಓಟು ಯಾವಾಗಲೂ ಅಧಿಕಾರದಲ್ಲಿರುವ ಪಕ್ಷಕ್ಕೆ, ನನ್ನದು ಅದರ ವಿರುದ್ಧ. ಮದುವೆಯಾದಾಗಿನಿಂದ ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕುತ್ತಲೇ ಬಂದಿದ್ದೇವೆ. ಬೆಳಿಗ್ಗೆ ಅವರ ಮಂಡಿ ಹಿಡಿದುಕೊಂಡಿತು. ಮನೆಯಲ್ಲೇ ಬಿಟ್ಟು ಹೋಗಿದ್ದರೆ ಮೊದಲ ಸಲ ನನ್ನ ಓಟು ಉಳಿಯುತ್ತಿತ್ತು. ಆದರೆ ಅವರು ಒಳ್ಳೆ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದುದನ್ನು ನೋಡಿ ಮನಸ್ಸು ಒಪ್ಪಲಿಲ್ಲ. ನನ್ನ ಹೊಲಿಗೆ ಅಂಗಡಿಯ ಚಕ್ರದ ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೊರಟೆ.

ಬೀದಿಯ ಒಂದು ಗುಂಡಿಯೂ ಅವರನ್ನು ಸುಮ್ಮನೆ ಬಿಡಲಿಲ್ಲ.

"ಅಯ್ಯೋ, ನಿಧಾನ ಕಣೇ! ಈ ರಸ್ತೆ ಕಡೆ ಯಾರೂ ನೋಡೋರೇ ಇಲ್ವಾ?"

"ನಿಮ್ಮ ಪಕ್ಷದವರನ್ನೇ ಕೇಳಿ ಅತ್ತೆ" ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ.

ಓಟು ಹಾಕಿ ಹೊರಬಂದವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿಕೊಂಡೆ. ವಾಪಸ್ ಬರುವಾಗ ಎಲ್ಲಕ್ಕಿಂತ ದೊಡ್ಡ ಗುಂಡಿಯಲ್ಲಿ ಚಕ್ರ ಸಿಕ್ಕಿಕೊಂಡಿತು. ನಾನು ಏದುಸಿರು ಬಿಡುತ್ತಿದ್ದರೆ ಅತ್ತೆ ಹಿಂತಿರುಗಿ ನೋಡಿದರು.

"ಈ ಸಲ ಹೇಗೋ ತಳ್ಬಿಡು. ಮುಂದಿನ ಸಲ ಈ ಗುಂಡಿ ಇರಬಾರ್ದು ಅಂತಾನೇ ನಿನ್ನ ಪಕ್ಷಕ್ಕೆ ಒತ್ತಿ ಬಂದಿದೀನಿ."

ಜೋರಾಗಿ ತಳ್ಳಿದೆ, ಚಕ್ರ ಗುಂಡಿಯಿಂದ ಮೇಲೆ ಬಂತು. ಎರಡೂ ಕೈ ಬಿಟ್ಟು ಅಲ್ಲೇ ಕುಣಿಯಬೇಕೆನ್ನಿಸಿತು. ಆದರೆ ಕುರ್ಚಿಗೆ ಬ್ರೇಕ್ ಇಲ್ಲ.