ಮೂರು ನಲವತ್ತಾರರ ಸೈರನ್

ಬಾಯ್ಲರ್ ಮನೆ, ಮಿಲ್ಲು
ಮಂಗಳವಾರ, ಹನ್ನೊಂದನೇ ತಾರೀಖು, ಊಟದ ಬಿಡುವು

ಮುದ್ದಿನ ಮಗಳೇ,

ಅಪ್ಪನ ಆಶೀರ್ವಾದ. ಮೊದಲು ಕೈ ಹೇಗಿದೆ ಹೇಳು. ಬಲಗೈ ಮಣಿಕಟ್ಟಿನ ಊತ ಇಳಿಯಿತೇ, ಬೆರಳು ಮಡಚಲು ಬರುತ್ತದೆಯೇ, ಲೋಟ ಹಿಡಿದರೆ ನೋಯುತ್ತದೆಯೇ? ಇದನ್ನೆಲ್ಲ ಫೋನಿನಲ್ಲಿ ಕೇಳಿದರೆ ನಿನ್ನ ಅತ್ತೆ "ಹೂಂ, ಪರವಾಗಿಲ್ಲ" ಅನ್ನುವ ಒಂದೇ ಉತ್ತರ ಕೊಡುತ್ತಾಳೆ. ನನ್ನ ತಂಗಿ ಚಿಕ್ಕಂದಿನಿಂದಲೂ ಹಾಗೆಯೇ, ತಲೆ ಮೇಲೆ ಸೂರು ಬಿದ್ದರೂ ಪರವಾಗಿಲ್ಲ ಅನ್ನುವವಳು. ಊಟ ಸರಿಯಾಗಿ ಮಾಡುತ್ತೀಯಂತೆ, ಅದೊಂದು ಸಮಾಧಾನ. ಮಾತು ಮಾತ್ರ ಇಲ್ಲವಂತೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಮೆಟ್ಟಿಲು ಕಂಡರೆ ಬರುತ್ತದೆ, ಅಂಗಡಿಬೀದಿ ಕಂಡರೆ ಹೋಗುತ್ತದೆ. ಹಾಗೆಂದು ನಾನು ಬರೆದೆ ಅಂತ ಅವಳಿಗೆ ಹೇಳಬೇಡ.

ಫಿಟ್ಟರಣ್ಣ ಬಂದು ಎಲ್ಲ ಹೇಳಿದ. ಹಗಲು ಯಂತ್ರ ರಿಪೇರಿ ಮಾಡಿ ಸಂಜೆ ಮೈದಾನದಲ್ಲಿ ನಿಮ್ಮ ತಂಡವನ್ನು ಓಡಿಸುವ ಮನುಷ್ಯ, ಎರಡರಲ್ಲೂ ಯಾರ ಮೇಲೂ ಕೂಗಾಡಿದವನಲ್ಲ. ಅವನ ಮುಖ ಅವತ್ತು ನೋಡಲಾಗುತ್ತಿರಲಿಲ್ಲ. ಶನಿವಾರ ಫೈನಲ್ ಮುಗಿಸಿ ತಂಡದ ಬಸ್ಸು ವಾಪಸ್ಸು ಬರುವಾಗ ದಾರಿಯಲ್ಲಿ ಅತ್ತೆಯ ಊರಿಗೆ ನೀನು ಇಳಿದೆಯಂತೆ. ಇಳಿಯುವ ಮುಂಚೆ ಗ್ಲೌಸು ಎರಡನ್ನೂ ಅವನ ತೊಡೆಯ ಮೇಲಿಟ್ಟು, "ಮುಂದಿನ ವರ್ಷಕ್ಕೆ ಬೇರೆ ಗೋಲ್ ಕೀಪರ್ ನೋಡಿಕೊಳ್ಳಿ ಅಣ್ಣಾ, ಮಿಲ್ಲಿನವರಿಗೆ ಮುಖ ತೋರಿಸೋಕೆ ನನ್ನಿಂದಾಗಲ್ಲ" ಅಂದೆಯಂತೆ. ಆಡುವುದು, ಬಿಡುವುದು ನಿನ್ನಿಷ್ಟ ಮಗಳೇ. ಆ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಯಾರಿಗೆ ಮುಖ ತೋರಿಸಲಾರೆ ಅಂದೆಯೋ, ಆ ಜನ ಅವತ್ತು ಏನು ಮಾಡಿದರು ಅನ್ನುವುದು ನಿನಗೆ ಗೊತ್ತಿಲ್ಲ. ನೀನು ಅಲ್ಲಿದ್ದೆ, ನಾವು ಇಲ್ಲಿದ್ದೆವು. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಕಾಗದವಾದರೆ ನಡುವೆ ಕತ್ತರಿಸಲು ಆಗುವುದಿಲ್ಲವಲ್ಲ, ಅದಕ್ಕೇ ಕಾಗದ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಅಲ್ಲಲ್ಲಿ ಉಪ್ಪು ಖಾರ ಒಂದು ಚಿಟಿಕೆ ಹೆಚ್ಚಾದರೆ ಅದು ನನ್ನ ನಾಲಿಗೆಯ ಹುಟ್ಟುಗುಣ.

ಶನಿವಾರ ರಜೆ ಸಿಗಲಿಲ್ಲ, ನಿನಗೆ ಗೊತ್ತೇ ಇದೆ. ಬಟ್ಟೆ ಲಾರಿಗೆ ಹತ್ತಲೇಬೇಕಿತ್ತು. ಹಾಗಾಗಿ ನಿಮ್ಮ ಜೊತೆ ಹೋದವನು ಕ್ಯಾಂಟೀನು ನಡೆಸುವ ನಿನ್ನ ಸೋದರಮಾವ ಒಬ್ಬನೇ. ಅವನು ಮೈದಾನದ ಬೇಲಿಗೆ ಆತುಕೊಂಡು ಫೋನಿನಲ್ಲಿ ಆಟ ಹೇಳುವುದು, ನಾನು ಬಾಯ್ಲರ್ ಮನೆಯಲ್ಲಿ ಕೇಳಿ ಸೈರನ್ ಹಾಕುವುದು ಅಂತ ಏರ್ಪಾಡು. ಈ ವರ್ಷವೆಲ್ಲ ನಡೆಸಿಕೊಂಡು ಬಂದ ಪದ್ಧತಿಯೇ. ಪಾಳಿ ಬಿಡಲು ಒಂದು ಉದ್ದ ಕೂಗು, ಬೆಂಕಿ ಬಿದ್ದರೆ ಮೂರು ಉದ್ದ, ನಮ್ಮ ತಂಡ ಗೋಲು ಹೊಡೆದರೆ ಒಂದು ಗಿಡ್ಡ. ಎದುರಾಳಿ ಹೊಡೆದರೆ ಏನೂ ಇಲ್ಲ. ಅವರ ಗೋಲಿಗೆ ನಮ್ಮ ಹಬೆ ಯಾಕೆ ಖರ್ಚು ಮಾಡಬೇಕು ಅಂತ ಮಗ್ಗದ ವಿಭಾಗದವರು ಮೊದಲ ದಿನವೇ ತೀರ್ಮಾನ ಮಾಡಿದ್ದರು. ಇದರಿಂದಾಗಿ ಮಿಲ್ಲಿನೊಳಗಿನ ಜನ ಫೈನಲ್ಲಿನವರೆಗೆ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಮಳೆಯಲ್ಲಿ ನೀವು ನಾಲ್ಕು-ಎರಡರಲ್ಲಿ ಸೋತ ದಿನವೂ ಎರಡು ಗಿಡ್ಡ ಕೇಳಿಸಿಕೊಂಡು ಕುಣಿಯುತ್ತಲೇ ಮನೆಗೆ ಹೋದವರು ಇವರು.

ಫೈನಲ್ ದಿನ ಮಾವನ ವರದಿ ಹೇಗಿತ್ತು ಅಂತೀಯಾ. ಅವನಿಗೆ ಆಟದ ತಲೆಬುಡ ತಿಳಿಯದು. "ಕೆಂಪಂಗಿಯವಳು ಓಡಿದಳು, ಇನ್ನೊಬ್ಬಳಿಗೆ ಕೊಟ್ಟಳು, ಅವಳು ವಾಪಸ್ಸು ಕೊಟ್ಟಳು, ಏನು ಕೊಡುವುದು ತೆಗೆದುಕೊಳ್ಳುವುದು ಭಾವಾ ಇವರದ್ದು" ಅನ್ನುತ್ತಾನೆ. ನಿಮ್ಮ ತಂಡದ ಉದ್ದಜಡೆ ಗೋಲು ಹೊಡೆದಾಗ ಅವನ ಅರಚಾಟಕ್ಕೇ ನನಗೆ ತಿಳಿಯಿತು, ಗಿಡ್ಡ ಕೂಗು ಹಾಕಿದೆ. ಎದುರಾಳಿ ಬಂದರಿನವರು ಸಮ ಮಾಡಿದಾಗ ಅವನು ಸುಮ್ಮನಾದ, ನಾನೂ ಸುಮ್ಮನಾದೆ, ಒಳಗಿನವರು ಗೆದ್ದೆವು ಅಂದುಕೊಂಡೇ ಇದ್ದರು. ಕೊನೆಗೆ ಒಂದು-ಒಂದು ಆಗಿ ಪೆನಾಲ್ಟಿಗೆ ಬಂತು. ನಮ್ಮವರದ್ದು ಮೊದಲನೆಯದು ಒಳಗೆ ಹೋಯಿತು, ಎರಡನೆಯದು ಕಂಬಕ್ಕೆ ಬಡಿಯಿತು, ಮೂರನೆಯದು ಹೋಯಿತು. ಅವರದ್ದು ಎರಡೂ ಒಳಗೆ ಹೋಗಿದ್ದವು. ಮೂರನೆಯದಕ್ಕೆ ಅವರ ನಾಯಕಿ ಬಂದಳು. ನಾಲ್ಕು ವರ್ಷದಿಂದ ಪೆನಾಲ್ಟಿಯಲ್ಲಿ ಗುರಿ ತಪ್ಪದವಳು, ನೀನೇ ಹೇಳಿದ್ದೆ. ನಾನು ಸೈರನ್ನಿನ ಸರಪಳಿ ಹಿಡಿದು ನಿಂತಿದ್ದೆ. ಯಾಕೆ ಹಿಡಿದಿದ್ದೆನೋ, ಅವರ ಒದೆತಕ್ಕೂ ಸೈರನ್‌ಗೂ ಸಂಬಂಧವೇ ಇಲ್ಲ. ಮಾವ ಹೇಳಿದ: "ಒದ್ದಳು. ನಮ್ಮ ಹುಡುಗಿ ಹಾರಿದಳು. ಭಾವಾ, ಹಿಡಿದಳು. ಬಿಟ್ಟಿಲ್ಲ ಭಾವಾ, ಎದೆಗೆ ಅವುಚಿಕೊಂಡು ಮಲಗಿದ್ದಾಳೆ."

ನೋಡು, ಗೋಲು ಹೊಡೆದರೆ ಏನು ಮಾಡಬೇಕು ಅಂತ ನಾವು ಮಾತಾಡಿಕೊಂಡಿದ್ದೆವು. ಗೋಲು ತಡೆದರೆ ಏನು ಮಾಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಸರಪಳಿ ಎಳೆಯುತ್ತಿದ್ದೇನೆ. ನನ್ನ ಕೂಗು ಕೇಳಿ ಬೀದಿಯವರು ಗಡಿಯಾರದ ಮುಳ್ಳು ತಿದ್ದಿಕೊಳ್ಳುತ್ತಾರೆ. ಅವತ್ತು ಒಂದು ಗಿಡ್ಡ ಹಾಕೋಣ, ತಪ್ಪೇನಿದೆ ಅಂತ ಎಳೆದೆ. ಎಳೆದ ಕೈ ಬಿಡಲೇ ಇಲ್ಲ ಮಗಳೇ. ಬಿಡು ಅಂತ ನಾನು ಹೇಳುತ್ತಿದ್ದೇನೆ, ಅದು ಕೇಳುತ್ತಿಲ್ಲ. ಎಷ್ಟು ಹೊತ್ತು ಎಳೆದೆನೋ, ಕಣ್ಣಲ್ಲಿ ನೀರು ಬಂದು ಒತ್ತಡದ ಮುಳ್ಳು ಕೂಡ ಮಂಜಾಗಿ ಕಾಣುತ್ತಿತ್ತು. ಗಂಟೆ ಮೂರು ನಲವತ್ತಾರು. ಒಳಗಿದ್ದ ಆರುನೂರು ಜನಕ್ಕೆ ಕೇಳಿಸಿದ್ದು ಒಂದು ಉದ್ದ ಕೂಗು. ಅಂದರೆ ಪಾಳಿ ಮುಗಿಯಿತು. ಮಗ್ಗ ನಿಂತವು, ಕದಿರು ನಿಂತವು, ಬಣ್ಣದ ಮನೆಯವರು ಕೈ ತೊಳೆದರು, ಜನ ಬುತ್ತಿಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಬಂದೇ ಬಿಟ್ಟರು.

ಮ್ಯಾನೇಜರು ಓಡಿ ಬಂದರು. ಆ ದೇಹ ಓಡುವುದನ್ನು ಈ ಮಿಲ್ಲು ಮೊದಲ ಸಲ ಕಂಡದ್ದು. "ಗಡಿಯಾರ ಕೆಟ್ಟಿದೆಯೋ, ನಿನ್ನ ತಲೆ ಕೆಟ್ಟಿದೆಯೋ?" ಅಂದರು. "ಮಗಳು ಹಿಡಿದಳು ಸಾರ್" ಅಂದೆ. ಅಷ್ಟರಲ್ಲಿ ಫೋನಿನಿಂದ ಮಾವ, "ಹುಡುಗಿ ಏಳುತ್ತಿಲ್ಲ ಭಾವಾ, ಕೈಗೆ ಏನೋ ಆಗಿದೆ, ಪಟ್ಟಿ ಕಟ್ಟುತ್ತಿದ್ದಾರೆ" ಅಂದ. ಮ್ಯಾನೇಜರು ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿ, ಫೋನನ್ನು ಕಿಟಕಿಯ ಕಟ್ಟೆ ಮೇಲೆ ಇಡು, ಜನಕ್ಕೂ ಕೇಳಲಿ ಅಂದರು. ಹೀಗೆ ನಮ್ಮ ಮಿಲ್ಲಿನ ಜನ ಮೊದಲ ಬಾರಿಗೆ ಎದುರಾಳಿಯ ಗೋಲುಗಳನ್ನೂ ಕೇಳಿಸಿಕೊಂಡರು. ನಾಲ್ಕನೆಯದು ಇಬ್ಬರದ್ದೂ ಒಳಗೆ ಹೋಯಿತು. ಐದನೆಯದನ್ನು ಉದ್ದಜಡೆ ಆಕಾಶಕ್ಕೆ ಒದ್ದಳು. ಆಮೇಲೆ ಅವರ ಐದನೆಯದು. ಮಾವ ಅಂದದ್ದು ಇಷ್ಟೇ: "ಪಟ್ಟಿ ಕಟ್ಟಿದ ಕೈಗೇ ತಾಗಿತು. ತಾಗಿತು ಭಾವಾ. ಒಳಗೆ ಹೋಯಿತು."

ಮುಚ್ಚಿಡುವುದಿಲ್ಲ, ಮೊದಲು ಬಾಯಿ ಬಿಟ್ಟವನು ಉಗ್ರಾಣದವನು: "ಎಡಗೈ ಹಾಕಿದ್ದರೆ ನಿಲ್ಲುತ್ತಿತ್ತು." ನೀನು ಹೆದರಿದ ಮಾತು ಇದೇ ತಾನೇ? ಇದನ್ನು ಆಡಿದವನು ಆರುನೂರರಲ್ಲಿ ಒಬ್ಬ. ಅವನಿಗೆ ಏನಾಯಿತು ಕೇಳು. ಮಗ್ಗದ ವಿಭಾಗದ ಗುಡುಗಮ್ಮ, ನಲವತ್ತು ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವಳು, ಮಗ್ಗ ನಿಂತದ್ದು ಮರೆತು ಅದೇ ಗಂಟಲಿನಲ್ಲಿ ಅಂದಳು: "ಅಯ್ಯಾ ಎಡಗೈ ಪಂಡಿತಾ, ನೀನು ಎರಡು ಕೈಯಲ್ಲಿ ಹಿಡಿದ ನೂಲಿನ ಪೆಟ್ಟಿಗೆಯನ್ನೇ ದಿನಾ ಬೀಳಿಸ್ತೀಯ. ಅವಳು ಮುರಿದ ಕೈಯನ್ನೇ ಮುಂದಿಟ್ಟಳಲ್ಲ, ಅದು ನಿನ್ನ ಕಣ್ಣಿಗೆ ಬೀಳಲಿಲ್ಲವಾ? ನಮ್ಮ ಚಿಲಕ ಅದು. ಬಾಗಿಲು ಮುರಿದರೂ ಚಿಲಕ ಬಿಡಲಿಲ್ಲ." ಜನ ನಕ್ಕರು. ನಕ್ಕದ್ದೇ ತಡ, ಎಲ್ಲಿಂದಲೋ ಒಂದು ಚಪ್ಪಾಳೆ ಶುರುವಾಯಿತು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಸೋತವರಿಗೆ ಅಷ್ಟು ಹೊತ್ತು ಚಪ್ಪಾಳೆ ತಟ್ಟಿದ್ದು ನಾನು ನೋಡಿಲ್ಲ. ನಿನ್ನ ಅಪ್ಪ ಅಂತ ನನ್ನ ಬೆನ್ನು ತಟ್ಟಿದವರು ಎಷ್ಟೋ. ಅಂಗಿಯ ಹಿಂಭಾಗದಲ್ಲಿ ಐದು ಬಣ್ಣದ ಕೈಗುರುತು ಬಿದ್ದಿದೆ, ಬಣ್ಣದ ಮನೆಯವರು ಕೈ ಸರಿಯಾಗಿ ತೊಳೆದಿರಲಿಲ್ಲ.

ನಾಲ್ಕು ಗಂಟೆಗೆ ನನಗೊಂದು ಫಜೀತಿ. ಮತ್ತೆ ಕೂಗು ಹಾಕಬೇಕೋ ಬೇಡವೋ ಅಂತ ಕೇಳಿದರೆ ಮ್ಯಾನೇಜರು, "ಹಾಕಪ್ಪ, ಬಿಟ್ಟವರನ್ನೇ ಇನ್ನೊಂದು ಸಲ ಬಿಡಿಸು" ಅಂದರು. ಹಾಕಿದೆ. ಆದರೂ ಒಬ್ಬರೂ ಮನೆಗೆ ಹೋಗಲಿಲ್ಲ. ಸೋತು ಹತ್ತು ನಿಮಿಷ ಆಗಿರಲಿಲ್ಲ, ಮುಂದಿನ ವರ್ಷದ ಜಗಳ ಶುರುವಾಗಿತ್ತು. ಎಡಗಾಲಿನಲ್ಲಿ ಒದೆಯುವವಳು ಒಬ್ಬಳು ಬೇಕು ಅಂತ ಒಬ್ಬರು, ಬಣ್ಣದ ಮನೆಗೆ ಹೊಸದಾಗಿ ಸೇರಿದವಳು ಜಿಂಕೆಯ ಹಾಗೆ ಓಡುತ್ತಾಳೆ ಅಂತ ಇನ್ನೊಬ್ಬರು, ಪೆನಾಲ್ಟಿ ಅಭ್ಯಾಸ ದಿನಾ ಹತ್ತು ಅಂತ ಮತ್ತೊಬ್ಬರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಬಟ್ಟೆ ಮಿಲ್ಲಿನವರನ್ನು ಮೀರಿಸುವವರು ಯಾರು? ಬಂದರಿನ ತಂಡದಲ್ಲಿ ಮೂವರು ಬಿಡುತ್ತಾರಂತೆ, ನಮ್ಮಲ್ಲಿ ಎಲ್ಲರೂ ಉಳಿಯುತ್ತಾರೆ, ಹಾಗಾಗಿ ಮುಂದಿನ ವರ್ಷದ ಕಪ್ ನಮ್ಮದೇ ಅಂತ ಗುಡುಗಮ್ಮ ತೀರ್ಪು ಕೊಟ್ಟಳು. "ಎಲ್ಲರೂ" ಅಂದಾಗ ಯಾರಿಗೂ ಸಂಶಯ ಬರಲಿಲ್ಲ. ನೀನು ಗ್ಲೌಸು ಬಿಡುತ್ತೀಯ ಅಂತ ಆಗ ನಮಗೇನು ಗೊತ್ತು.

ಉದ್ದಜಡೆ ಸೋಮವಾರ ಕೆಲಸಕ್ಕೆ ಬಂದಳು. ಬಟ್ಟೆ ಮಡಿಸುವ ವಿಭಾಗದವರು ಅವಳನ್ನು ಕಂಡ ಕೂಡಲೇ ಮೇಲೆ ನೋಡುತ್ತ, "ತಲೆ ಜೋಪಾನ, ಚೆಂಡು ಇನ್ನೂ ಇಳಿದಿಲ್ಲ" ಅಂದರಂತೆ. ಅವಳು ಒಂದು ಗಂಟೆ ಅತ್ತು, ಒಂದು ಗಂಟೆ ಬೈದು, ಮಧ್ಯಾಹ್ನ ಅವರ ಜೊತೆಯೇ ಕೂತು ಊಟ ಮಾಡಿದಳು. ನನ್ನ ಹತ್ತಿರ ಬಂದು, "ಚಿಲಕ ಯಾವಾಗ ಬರ್ತಾಳೆ ಮಾಮಾ, ಬೈಗುಳ ನಾನೊಬ್ಬಳೇ ತಿನ್ನೋದಾ?" ಅಂತ ಕೇಳಿದಳು.

ನನಗೂ ಒಂದು ಬಹುಮಾನ ಸಿಕ್ಕಿದೆ. ಹದಿನಾಲ್ಕು ನಿಮಿಷ ಮೊದಲೇ ಸೈರನ್ ಹಾಕಿದ ಕಾರಣ ಬರೆದು ಕೊಡು ಅಂತ ಆಫೀಸಿನಿಂದ ಚೀಟಿ ಬಂತು. "ಸೈರನ್ ಸರಿ ಇದೆ. ಸರಪಳಿ ಸರಿ ಇದೆ. ಎಳೆದವನ ಮಗಳು ಪೆನಾಲ್ಟಿ ಹಿಡಿದಳು" ಅಂತ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಸರ್ವಿಸ್ ಪುಸ್ತಕಕ್ಕೆ ಕೆಂಪು ಶಾಯಿ ಬಿದ್ದಿದೆ. ಎಚ್ಚರಿಕೆ ಕೊಡಲಾಗಿದೆ, ಅಂತ. ಕಾರಣ ಅನ್ನುವ ಕಡೆ ನನ್ನ ಮೂರೂ ಸಾಲು ಹಾಗೇ ಇಳಿಸಿದ್ದಾರೆ. ಅದನ್ನು ನಾನು ಎಷ್ಟು ಜನಕ್ಕೆ ತೋರಿಸಿದೆ ಅಂದರೆ ಗುಮಾಸ್ತ ಬೇಸತ್ತು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ನಿನ್ನ ಅಮ್ಮ ಮಾತ್ರ ಪುಸ್ತಕ ನೋಡಲೇ ಇಲ್ಲ. ಅವತ್ತು ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಊರೆಲ್ಲ ಪಾಳಿ ಬಿಟ್ಟಿತು ಅಂದುಕೊಂಡರೆ ಅವಳು ಪಕ್ಕದ ಮನೆಯವಳಿಗೆ, "ಅದು ಪಾಳಿ ಬಿಡೋ ಕೂಗಲ್ಲ ಕಣೇ, ನಮ್ಮ ಮನೆಯವರ ಗಂಟಲು. ಹುಡುಗಿ ಏನೋ ಮಾಡಿದ್ದಾಳೆ" ಅಂದಳಂತೆ.

ಬಿಡುವು ಮುಗಿಯುತ್ತ ಬಂತು. ಕೈಗೆ ಬಿಸಿನೀರಿನ ಶಾಖ ಕೊಡು, ಭಾರ ಎತ್ತಬೇಡ. ಅತ್ತೆಗೆ ನನ್ನ ನೆನಪು ಹೇಳು, ಪರವಾಗಿಲ್ಲ ಅನ್ನುವುದನ್ನು ಕಡಿಮೆ ಮಾಡಲು ಹೇಳು. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂತ ಬರೆಯಲು ಹೇಳಿದ್ದಳು, ಬರೆದಿದ್ದೇನೆ. ನಿನ್ನ ಕಾಲು ಗಟ್ಟಿಯಾಗಿರಲಿ, ನಿನ್ನ ಮನಸ್ಸು ಹಗುರಾಗಲಿ. ಆಯಸ್ಸು ನನ್ನದನ್ನೂ ಸೇರಿಸಿ ನಿನಗೇ ಇರಲಿ.

ಇಂತು ನಿನ್ನ
ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಫಿಟ್ಟರಣ್ಣ ಲೀಗಿನ ಹೆಸರುಪಟ್ಟಿ ಹಿಡಿದು ಬಂದ. ನೀನು ಹೇಳಿದ ಮೇಲೆ ಅವನೇನು ಮಾಡಿಯಾನು, ನಿನ್ನೆ ಸಂಜೆ ಹೊಸ ಗೋಲ್ ಕೀಪರ್ ಬೇಕು ಅಂತ ಮೈದಾನಕ್ಕೆ ಕರೆದಿದ್ದನಂತೆ. ನೀನು ಸೇರಿದಾಗ ಗೋಲಿಗೆ ನಿಲ್ಲಲು ಯಾರೂ ಒಪ್ಪದೆ ಚೀಟಿ ಎತ್ತಿದ್ದರಲ್ಲ, ನಿನ್ನೆ ಆರು ಜನ ಬಂದಿದ್ದಾರೆ. ಪಟ್ಟಿಯಲ್ಲಿ ಅವರವರ ಹೆಸರು ಅವರವರ ಕೈಯಲ್ಲೇ ಬರೆಯಬೇಕು. ಆರೂ ಜನ ಎರಡನೇ ಸಾಲಿನಿಂದ ಕೆಳಕ್ಕೆ ಬರೆದಿದ್ದಾರೆ. ಮೇಲಿನಿಂದ ಬರೆಯಿರಿ ಅಂದರೆ, "ಅದು ಅಕ್ಕನ ಸಾಲು, ನಾವು ಅಕ್ಕನ ಹತ್ರ ಕಲಿಯೋಕೆ ಬಂದವರು" ಅಂದರಂತೆ. ನಾನು ಕಣ್ಣಾರೆ ನೋಡಿದೆ, ಮೊದಲ ಸಾಲು ಖಾಲಿ ಇದೆ. ಪಟ್ಟಿ ಇಪ್ಪತ್ತನೇ ತಾರೀಖಿಗೆ ಹೋಗಬೇಕು. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ನಾನು ನಿಲ್ದಾಣದಲ್ಲಿರುತ್ತೇನೆ. ಬರೆಯುವುದಾದರೂ ಬಾ, ಬರೆಯದಿದ್ದರೂ ಬಾ.